ನಡುಗುವ ಗದ್ದಕ್ಕೆ ಈರಪ್ಪನ ಅಂಗೈ

“ಇವತ್ತಾದ್ರೂ ಬಾಯಿ ಬಿಡ್ತಾರಾ ರುದ್ರಣ್ಣ?”

ಬುಕ್ಕಾಂಬುಧಿಯ ಕೆರೆ ಏರಿಯ ಮೇಲೆ ಬೈಕು ಓಡಿಸುತ್ತಲೇ ಈರಪ್ಪ ತಮ್ಮಷ್ಟಕ್ಕೇ ಕೇಳಿಕೊಳ್ಳುತ್ತಾರೆ. ನೀರಿನ ಮೇಲೆ ಇನ್ನೂ ಮಂಜು. ಅಜ್ಜಂಪುರದಲ್ಲಿ ಕಟಿಂಗ್ ಶಾಪ್ ಇಟ್ಟಿರುವ ಇವರು, ಅಂಗಡಿ ಬಾಗಿಲು ತೆಗೆಯುವ ಮುಂಚೆ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಗಡ್ಡ ತೆಗೆದು ಬರುತ್ತಾರೆ. ವಾರಕ್ಕೆ ಹತ್ತಾರು ಮನೆ; ತರೀಕೆರೆಯವರೆಗೂ ಹೋಗುವುದುಂಟು.

ಮೊದಲ ಮನೆ ರುದ್ರಮೂರ್ತಿಯವರದು. ಈರುಳ್ಳಿ ಮಂಡಿ ನಡೆಸುತ್ತಿದ್ದವರು. ಭಜನೆಗೆ ಕೂತರೆ ಊರೇ ಕಿವಿಗೊಡುತ್ತಿದ್ದ ಕಂಠ. ಪಕ್ಕದಲ್ಲಿ ಈರಪ್ಪನ ತಾಳ. “ತಾಳ ತಪ್ಪಿದ್ರೆ, ‘ಲೇ ಈರಾ, ಗಡ್ಡ ಹೆರೀತಿದೀಯೇನೋ?’ ಅಂತ ಎಲ್ರ ಮುಂದೆ ಬೈಯೋರು. ಆ ಬೈಗುಳ ಬೇಕು ಕಣ್ರೀ ನಂಗೆ.”

ಈಗ ಆ ಮುಖದಲ್ಲಿ ನಗುವಿಲ್ಲ, ಮುನಿಸೂ ಇಲ್ಲ. ಶ್ರಾವಣದಿಂದ ಮಾತೇ ನಿಂತಿದೆ. ಪಾರ್ಕಿನ್ಸನ್ ಕಾಯಿಲೆ. ಡಾಕ್ಟರು ಹೇಳಿದ್ದನ್ನು ಸೊಸೆ ಸಂಗೀತಾ ಬಿಡಿಸಿ ಹೇಳುತ್ತಾರೆ: ಮೆದುಳಿನ ಜೀವಕೋಶದೊಳಗಿನ ಒಂದು ಪ್ರೊಟೀನ್ ತಪ್ಪಾಗಿ ಮಡಚಿಕೊಳ್ಳುತ್ತದೆ, ಪಕ್ಕದ ಒಳ್ಳೆಯದನ್ನೂ ತನ್ನಂತೆಯೇ ತಿರುಚಿ ಗಂಟು ಕಟ್ಟುತ್ತದೆ, ಕೋಶದಿಂದ ಕೋಶಕ್ಕೆ ದಾಟುತ್ತದೆ. ಕೋಶಗಳು ಸೊರಗಿ ಸಾಯುತ್ತವೆ.

“ಹಾಲಿಗೆ ಹೆಪ್ಪು ಬಿದ್ದಂಗೆ. ತಿರುಗಾ ಹಾಲಾಗಲ್ಲ, ಅಲ್ವೇನವ್ವಾ?” ಎನ್ನುತ್ತಾರೆ ಈರಪ್ಪ.

ಸಂಗೀತಾ ಬಿಸಿನೀರಿನ ಬಟ್ಟಲು ತಂದಿಡುತ್ತಾರೆ.

‘ಹರಡುತ್ತದೆ’ ಎಂಬ ಮಾತು ಊರು ಸುತ್ತಿದಾಗ ಈರಪ್ಪನ ಅಂಗಡಿಗೆ ಬರುವವರೇ ಕಡಿಮೆಯಾದರು. ಹರಡುವುದು ಆ ಮೆದುಳಿನೊಳಗೇ, ಕತ್ತಿಯಿಂದ ಅಂಟುವುದಿಲ್ಲ ಎಂದರೂ ಕೇಳುವವರಿಲ್ಲ. “ಏನಪ್ಪಾ, ನಂಗೂ ನಡುಕ ಅಂಟಿಸ್ತೀಯಾ?” ಎಂದು ಹಳೆಯ ಗಿರಾಕಿ ರವಿಕುಮಾರ ಕುರ್ಚಿಯಿಂದ ಎದ್ದೇಬಿಟ್ಟಿದ್ದ. ಈರಪ್ಪ ಬಿಟ್ಟಾರೆಯೇ? “ಹೆಂಡ್ತಿ ಎದುರಿಗೆ ದಿನಾ ನಡುಗೋನಿಗೆ ನಾನೇನು ಹೊಸದಾಗಿ ಅಂಟಿಸ್ಲೋ?”

ರುದ್ರಮೂರ್ತಿಯವರ ಗದ್ದ ಅದುರುತ್ತಿದೆ. ಈರಪ್ಪ ಎಡ ಅಂಗೈಯಲ್ಲಿ ಅದನ್ನು ಹಿಡಿದು, ಹಳೆಯ ಭಜನೆಯೊಂದನ್ನು ಗುನುಗುತ್ತ ಕಾಯುತ್ತಾರೆ. ನಡುಕ ತುಸು ತಗ್ಗಿದಾಗ ಮಾತ್ರ ಕತ್ತಿ ಸರಿಯುತ್ತದೆ. ಅವಸರವೆಂಬುದೇ ಇಲ್ಲ.

“ಮೀಸೇನೂ ತೆಗ್ದುಬಿಡಿ ಈರಪ್ನೋರೇ. ಗಂಜಿಯೆಲ್ಲಾ ಅಲ್ಲೇ ಮೆತ್ಕೊಳುತ್ತೆ,” ಎನ್ನುತ್ತಾರೆ ಸಂಗೀತಾ. “ಅವ್ರಿಗೇನು ತಿಳಿಯುತ್ತೆ, ಪಾಪ.”

ಕೇಳದೆ ಯಾರ ಮೀಸೆಗೂ ಕೈ ಹಾಕಿದವರಲ್ಲ ಈರಪ್ಪ. ಕತ್ತಿ ತಡೆದು ಕಿವಿಯ ಬಳಿ ಬಾಗುತ್ತಾರೆ.

“ರುದ್ರಣ್ಣಾ, ಮೀಸೆ ತೆಗ್ದುಬಿಡ್ಲಾ?”

ನೊರೆಯ ನಡುವೆ ತುಟಿ ಅಲುಗುತ್ತದೆ. ಉಸಿರಿಗಿಂತ ತುಸುವೇ ದೊಡ್ಡ ಸದ್ದು.

“ಮುಟ್ಟಬ್ಯಾಡ.”