ಮ್ಯಾನೇಜರ್ ಮನೆಯ ತೀರ್ಥ

ನಮ್ಮ ಬೀದಿಯ ಪುರೋಹಿತರು ಜಗಳವಾಡಿದವರಲ್ಲ. ಏನೇ ಆದರೂ ಶಲ್ಯ ಸರಿಮಾಡಿಕೊಂಡು "ಆಗ್ಲಿ, ನೋಡೋಣ" ಎನ್ನುತ್ತಿದ್ದರು. ಭದ್ರಾವತಿಯ ಕಾಗದದ ಕಾರ್ಖಾನೆಯೊಂದರ ಕೊಳೆನೀರು ಸೇರಿ, ನಾವು ಕುಡಿಯುವ ಹೊಳೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದಾಗಲೂ ಅಷ್ಟೇ ಅಂದರು.

ಆ ವರ್ಷ ಕಾರ್ಖಾನೆಯ ಮ್ಯಾನೇಜರ್ ಮನೆಯ ಸತ್ಯನಾರಾಯಣ ಪೂಜೆಗೆ ಇವರೇ ಹೋದರು. ಮಂಗಳಾರತಿಯಾದ ಮೇಲೆ, ನಮ್ಮ ಸ್ನಾನಘಟ್ಟದಿಂದ ತಂದ ನೀರನ್ನೇ ಯಜಮಾನರ ಅಂಗೈಗೆ ಬಿಟ್ಟರು.

"ಇದೇನ್ರೀ ಭಟ್ರೇ, ಈ ಬಣ್ಣ?"

"ತಮ್ಮ ಕಾರ್ಖಾನೇದೇ ಸ್ವಾಮಿ. ತೀರ್ಥ ಚೆಲ್ಲಬಾರ್ದು, ತಗೊಳ್ಳಿ."

ನೆಂಟರೆಲ್ಲ ನೋಡುತ್ತಿದ್ದರು. ಮ್ಯಾನೇಜರು ಕಣ್ಣು ಮುಚ್ಚಿ, ದೇವರನ್ನು ನೆನೆದು ಕುಡಿದರು. ಅಂಥ ಭಕ್ತಿಯನ್ನು ಆ ಮನೆ ಹಿಂದೆ ಕಂಡಿರಲಿಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ಕೊಳೆನೀರನ್ನು ತಂಗಿಸಿ ತಿಳಿಗೊಳಿಸುವ ದೊಡ್ಡ ಹೊಂಡಗಳನ್ನು ತೋಡಿಸಿದರು.

ಮರುವರ್ಷದ ತೀರ್ಥದಲ್ಲಿ ಅಂಗೈಯ ರೇಖೆ ಕಾಣುತ್ತಿತ್ತು.

"ಇನ್ನೊಂದು ಸಲ ಹಾಕಿ ಭಟ್ರೇ," ಎಂದು ಮ್ಯಾನೇಜರೇ ಕೈಚಾಚಿದರು.

ಪುರೋಹಿತರು ಶಲ್ಯ ಸರಿಮಾಡಿಕೊಂಡು "ಆಗ್ಲಿ" ಎಂದರು. "ನೋಡೋಣ" ಎನ್ನಲಿಲ್ಲ.