ತಿಪ್ಪೇಶನ ಬಲಗಾಲು

ಮಧುಗಿರಿ ದಾಟಿದ ಮೇಲಿನ ಇಳಿಜಾರಿನಲ್ಲಿ ಬಸ್ಸು ಬಂಡೆಗೆ ಗುದ್ದಿದಾಗ, ಡ್ರೈವರ್ ತಿಪ್ಪೇಶನ ಬಲಗಾಲು ಮೂರು ಕಡೆ ಮುರಿಯಿತು. ಅವನ ಹಿಂದಿನ ಸೀಟಿನಲ್ಲಿದ್ದ ಹೂವಿನ ಬಸವಮ್ಮ ಅಲ್ಲೇ ತೀರಿಕೊಂಡಳು. ಹದಿನಾಲ್ಕು ವರ್ಷ ಕೊರಟಗೆರೆಯಿಂದ ಪಾವಗಡಕ್ಕೆ ಬಸ್ಸು ಓಡಿಸಿದವನು ತಿಪ್ಪೇಶ. ಒಂದು ಕುರಿಮರಿಗೂ ತಾಗಿಸಿದವನಲ್ಲ.

"ಬ್ರೇಕು ಸರಿಯಾಗೇ ಇತ್ತು. ಇವನೇ ತುಳಿಯೋದು ತಡ ಮಾಡ್ದ," ಎಂದ ಬಸ್ಸಿನ ಮಾಲೀಕ ರೇಣುಕಪ್ರಸಾದ್. ಊರು ನಂಬಿತು. ಆಸ್ಪತ್ರೆಯ ಮಂಚದಲ್ಲಿ ತಿಂಗಳುಗಟ್ಟಲೆ ಸೂರು ನೋಡುತ್ತ ಮಲಗಿದ ತಿಪ್ಪೇಶನೂ ಕೊನೆಗೆ ಅರೆಬರೆ ನಂಬಿಬಿಟ್ಟ.

ಮಧುಗಿರಿಯ ಫಿಸಿಯೋಥೆರಪಿ ಕೋಣೆಯಲ್ಲಿ ಚೈತ್ರ ಎಂಬ ಹುಡುಗಿ ಅವನ ಪಾದದಡಿ ತೂಕದ ಯಂತ್ರ ಇಟ್ಟು, "ಕಣ್ಣು ಮುಚ್ಚಿ ಐದು ಕೆ.ಜಿ. ಒತ್ತಿ," ಎನ್ನುತ್ತಿದ್ದಳು. ಪಾದವೋ ಮರದ ಕೊರಡು. ಒತ್ತಿದ್ದೂ ತಿಳಿಯದು, ಬಿಟ್ಟಿದ್ದೂ ತಿಳಿಯದು. ಅವತ್ತೂ ಹೀಗೇ ಆಗಿತ್ತೇನೋ ಎಂದು ಅವನಿಗೆ ಅನುಮಾನ ಬರುತ್ತಿತ್ತು. ಆದರೂ ಬಿಡಲಿಲ್ಲ. ಏಳನೇ ತಿಂಗಳಿಗೆ ಯಂತ್ರದ ಮುಳ್ಳು ಅವಳು ಹೇಳಿದಲ್ಲೇ ನಿಲ್ಲತೊಡಗಿತು. ಕೋಲೂರಿಕೊಂಡು ಒಬ್ಬನೇ ಬಚ್ಚಲಿಗೆ ನಡೆದುಹೋದ ದಿನ, ಹೆಂಡತಿ ಶಶಿರೇಖಾ ಬಾಗಿಲಾಚೆ ಉಸಿರು ಬಿಗಿಹಿಡಿದು ನಿಂತಿದ್ದಳು.

ಒಂದೂವರೆ ವರ್ಷವಾದ ಮೇಲೆ, ಡಾಕ್ಟರು ಗಾಡಿ ಓಡಿಸಬಹುದೆಂದು ಬರೆದುಕೊಟ್ಟ ವಾರವೇ ರೇಣುಕಪ್ರಸಾದ್ ಮನೆಗೆ ಬಂದ.

"ನಿನ್ ಜಾಗ ಅಂಗೇ ಇಟ್ಟಿದೀನಿ ಕಣಯ್ಯ. ಹಳೇದೆಲ್ಲ ಎತ್ತೋದು ಬ್ಯಾಡ."

ಅವನು ಹೋದ ಮೇಲೆ ಶಶಿರೇಖಾ ಕೇಳಿದಳು: "ಇಷ್ಟ್ ದಿನ ಈ ಕಡೆ ತಲೆ ಹಾಕ್ನಿಲ್ಲ. ಈಗ್ಯಾಕೆ ಬಂದ?"

ತಿಪ್ಪೇಶ ಡಾಕ್ಟರ ಚೀಟಿ ಮಡಚಿ ಜೇಬಿಗಿಟ್ಟ.

ಸೋಮವಾರ ಕೊರಟಗೆರೆ ಸ್ಟ್ಯಾಂಡಿನಲ್ಲಿ ಹಸಿರು ಬಣ್ಣದ ಬಸ್ಸು ನಿಂತಿತ್ತು. ಹೆಸರೂ ಹೊಸದು. ಸೀಟಿಗೆ ಹತ್ತಿ ಕೂತವನ ಕಣ್ಣು ಗಾಜಿನ ಮೇಲಿನ ಕೊಂಡಿಗೆ ಬಿತ್ತು. ಬಸವಮ್ಮ ದಿನಾ ಒಂದು ಮೊಳ ಕನಕಾಂಬರ ಸಿಕ್ಕಿಸುತ್ತಿದ್ದ ಕೊಂಡಿ. ಅದರ ಮೇಲೂ ಬಣ್ಣ ಬಳಿದಿದ್ದರು. ಅದೇ ಬಸ್ಸು.

ಬ್ರೇಕಿನ ಮೇಲೆ ಪಾದವಿಟ್ಟು ಒತ್ತಿದ. ಪೆಡಲು ಮೆತ್ತಗೆ, ಕೆಸರಿಗಿಳಿದ ಹಾಗೆ, ತಳ ಮುಟ್ಟಿತು. ಮತ್ತೆ ಒತ್ತಿದ, ಈ ಸಲ ಹಿಡಿಯಿತು. ಇದೇ, ಇದೇ ಅವತ್ತೂ ಆಗಿದ್ದು. ಕಾಲು ತಡ ಮಾಡಿರಲಿಲ್ಲ.

"ಎಲ್ಡು ಸಲ ತುಳಿ, ಹಿಡೀತದೆ ಬುಡು," ಎಂದ ಕಿಟಕಿಯ ಪಕ್ಕ ನಿಂತಿದ್ದ ರೇಣುಕಪ್ರಸಾದ್. ಅಪಘಾತದ ಬೆಳಿಗ್ಗೆಯೂ ಅವನು ಇದೇ ಮಾತು ಹೇಳಿದ್ದು ತಿಪ್ಪೇಶನಿಗೆ ಈಗ ನೆನಪಾಯಿತು.

ತಿಪ್ಪೇಶ ಎದ್ದು ಜನರ ಕಡೆ ತಿರುಗಿದ. "ಈ ಗಾಡೀಗೆ ಬ್ರೇಕು ನೆಟ್ಟಗಿಲ್ಲ. ನಾನು ಓಡ್ಸಲ್ಲ. ನೀವೂ ಇಳ್ಕಳಿ."

ಒಂಬತ್ತು ಜನ ಇಳಿದರು. ಉಳಿದವರಿಗೆ ಪಾವಗಡದಲ್ಲಿ ಕೋರ್ಟು, ಮದುವೆ, ಕೆಲಸ. "ಕಾಲಿನ್ ಜೊತೆ ತಲೇನೂ ಕೆಟ್ಟದೆ," ಎಂದು ಯಾರೋ ಗೊಣಗಿದರು. ಮುತ್ತುರಾಜ್ ಎಂಬ ಬೇರೆ ಡ್ರೈವರ್ ಬಂದ. ತಿಪ್ಪೇಶನ ಮುಖ ನೋಡದೆ ಬಸ್ಸು ಹೊರಡಿಸಿದ.

ತಿಪ್ಪೇಶ ಕೋಲೂರಿಕೊಂಡು ಸಾರಿಗೆ ಕಚೇರಿಗೆ ಹೋಗಿ ದೂರು ಬರೆದುಕೊಟ್ಟ. ಸಂಜೆ ಬಸ್ಸು ಸುರಕ್ಷಿತವಾಗಿ ವಾಪಸಾಯಿತು. ಮರುದಿನವೂ. ದೂರಿಗೆ ಬಂದದ್ದು ಸ್ವೀಕೃತಿ ಪತ್ರ ಮಾತ್ರ.

ಈಗ ಅವನು ಡೇರಿಯ ಹಾಲಿನ ಟೆಂಪೋ ಓಡಿಸುತ್ತಾನೆ. ಕೋಲು ಸೀಟಿನ ಹಿಂದೆ ಬಿದ್ದಿದೆ. ಇಳಿಜಾರಿನಲ್ಲಿ ಹಿಂದಿನಿಂದ ಆ ಹಸಿರು ಬಸ್ಸಿನ ಹಾರ್ನು ಕೇಳಿದರೆ ಟೆಂಪೋವನ್ನು ಪೂರ್ತಿ ರಸ್ತೆಯಾಚೆ ಇಳಿಸಿ ನಿಲ್ಲಿಸುತ್ತಾನೆ. ತುಂಬಿದ ಬಸ್ಸು ಕೆಳಗಿನ ತಿರುವು ದಾಟುವವರೆಗೂ ಅವನ ಬಲಗಾಲು ಬ್ರೇಕನ್ನು ಒತ್ತಿಕೊಂಡೇ ಇರುತ್ತದೆ.