ಹಾಲ್ದಿಸ್ ಹಚ್ಚಿದ ಅಂಟುಮೇಣ

ಹಾಲ್ದಿಸ್ ಆಯಸ್ಸೆಲ್ಲ ಶಾಲೆಯೊಂದರ ಅಡುಗೆಮನೆಯಲ್ಲಿ ಮೀನಿನ ಸಾರು ಕುದಿಸಿದವಳು. ಆದರೆ ಆ ನಾರ್ವೆ ಕಣಿವೆಯ ಜನ ಕೊಂಡಾಡುತ್ತಿದ್ದುದು ಹಿಮದ ಮೇಲೆ ಜಾರುವ ಸ್ಕೀ ಹಲಗೆಗೆ ಮೇಣ ಹಚ್ಚುವ ಅವಳ ಕೈಗುಣವನ್ನು. ಒಂದು ಹಿಡಿ ಹಿಮ ಹಿಂಡಿ ನೋಡಿ, ಇವತ್ತಿಗೆ ಯಾವ ಮೇಣ ಎಂದು ಹೇಳಿಬಿಡುತ್ತಿದ್ದಳು. ಅಲ್ಲಿ ಮನೆಮಂದಿಯ ಹಲಗೆಗೆಲ್ಲ ಒಬ್ಬರೇ ಮೇಣ ಹಚ್ಚುವುದು. ಸರಿಯಾಗಿದೆಯೇ ಎಂದು ಹಲಗೆ ತಿರುಗಿಸಿ ನೋಡಿದರೆ ಹಚ್ಚಿದವರ ಕೆನ್ನೆಗೆ ಹೊಡೆದಂತೆ.

ಈ ಹೆಂಗಸಿನ ಹೊಟ್ಟೆಯಲ್ಲಿ ಕೆಂಡವಿತ್ತು. ಇಟ್ಟವನು ತಮ್ಮ ಓಡ್ವರ್. ಬೆಟ್ಟದ ಮೇಲಿನ ಮರದ ಮನೆಯಲ್ಲಿ ಅಪ್ಪ ಸಾಯುತ್ತ ಮಗಳನ್ನು ಕರೆಯುತ್ತಿದ್ದಾಗ ಇವನು ಸುದ್ದಿಯನ್ನೇ ಕಳಿಸಲಿಲ್ಲ. "ಅವಳು ಬರಲ್ಲ ಅಂದ್ಳು" ಎಂದು ಅಪ್ಪನಿಗೂ ಸುಳ್ಳು, ನೆಂಟರಿಗೂ ಸುಳ್ಳು. ಮನೆ ತನಗೇ ಉಳಿಯಲೆಂಬ ಆಸೆ. ಅಂದು ಅಲ್ಲಿದ್ದ ನೆರೆಮನೆಯ ಮುದುಕಿ ಈ ಚಳಿಗಾಲದಲ್ಲಿ ಹಾಲ್ದಿಸ್ ಮುಂದೆ ಬಾಯಿಬಿಟ್ಟಳು. ಅಲ್ಲಿಯವರೆಗೂ ಹೆತ್ತಪ್ಪನನ್ನೇ ನೋಡದ ಮಗಳೆಂದು ನೆಂಟರು ಆಡಿಕೊಂಡದ್ದೆಲ್ಲ ಹಾಲ್ದಿಸ್ ತಲೆಗೇ ಬಂದಿತ್ತು. ಇಂಥವನ ಮುಖಕ್ಕೆ ಉಗಿದರೆ ಎಂಜಲು ದಂಡ. ಅವಳಿಗೆ ಬೇಕಿದ್ದುದು ಒಂದೇ: ಎಲ್ಲರ ಮುಂದೆ ಅವನ ಬಾಯಿಂದಲೇ ಆ ಮಾತು ಬರಬೇಕು.

ಈಸ್ಟರ್ ರಜೆಗೆ ನೆಂಟರೆಲ್ಲ ಮೊದಲೇ ಮೇಲಿನ ಮನೆ ಸೇರಿದ್ದರು. ಅಕ್ಕ ತಮ್ಮ ಆಮೇಲೆ ಹೊರಟರು. ಕೆಳಗೆ ಹಳೆಯ ಹಿಮ ಗಡುಸಾಗಿತ್ತು, ಅದಕ್ಕೆ ಅಂಟುಮೇಣವೇ ಸರಿ. ಮೇಲೆ ಹೊಸ ಹಿಮ ಬಿದ್ದಿತ್ತು. ಹೊಸ ಹಿಮ ಅಂಟುಮೇಣಕ್ಕೆ ಮೆತ್ತಿಕೊಂಡರೆ ಹಲಗೆ ಜಾರುವುದೇ ಇಲ್ಲ. ಹಾಲ್ದಿಸ್ ತಮ್ಮನ ಹಲಗೆಗೆ ಅಂಟುಮೇಣವನ್ನು ಧಾರಾಳವಾಗಿ ಬಳಿದು, ತನ್ನದಕ್ಕೆ ಹೊಸ ಹಿಮಕ್ಕೆ ಒಗ್ಗುವ ಗಟ್ಟಿಮೇಣ ಉಜ್ಜಿಕೊಂಡಳು. ಅವನು ನೋಡಲೂ ಇಲ್ಲ.

ಏರು ಹತ್ತುವಾಗ ಹಳೆಯ ಹಿಮದ ಮೇಲೆ ಗಟ್ಟಿಮೇಣ ಹಿಡಿಯದೆ ಅವಳು ಹಿಂದಕ್ಕೆ ಜಾರಿದಳು.

"ಏನಕ್ಕ, ಮಂಡಿ ಸವೆದೋಯ್ತಾ?"

"ನೀನು ನಡಿಯೋ. ಮೇಲೆ ನೋಡ್ಕೊಳ್ಳೋಣ."

ಮರಗಳು ಮುಗಿದು ಬಯಲು ಬಂತು. ದೂರದಲ್ಲಿ ಮನೆಯ ಹೊಗೆ ಕಾಣುತ್ತಿತ್ತು. ಓಡ್ವರನ ಹಲಗೆಗಳ ಅಡಿಗೆ ಹಿಮ ಮುದ್ದೆಮುದ್ದೆಯಾಗಿ ಕಟ್ಟಿತು.

"ಅಕ್ಕಾ, ನಿಲ್ಲೇ! ಕಾಲೇ ಎತ್ತಕ್ಕಾಗ್ತಿಲ್ಲ. ಮೇಣ ಕೆರೆಯೋ ಬಿಲ್ಲೆ ಕೊಡು."

"ಅಪ್ಪ ನನ್ನ ಕರೆದಾಗ ಏನಂದೆ? ಅದನ್ನ ಮೇಲೆ ಎಲ್ಲರ ಮುಂದೆ ಹೇಳ್ತೀಯಾ?"

ಅವನ ಮುಖ ಬಿಳುಚಿತು. "ನಿಂಗೆ ತಲೆ ಕೆಟ್ಟಿದೆ."

"ಹಾಗಾದ್ರೆ ನಡ್ಕೊಂಡು ಬಾ."

ಅವಳು ಸುಯ್ಯನೆ ಜಾರಿ ಹೋದಳು. ಎಂಥ ಸುಖ ಅದು!

ಮನೆಯ ಗೋಡೆಗೊರಗಿ ಬಿಸಿಲಲ್ಲಿ ಕಿತ್ತಳೆ ತಿನ್ನುತ್ತಿದ್ದ ನೆಂಟರು, ಹಲಗೆ ಕಳಚಿ ಹೊತ್ತು, ಹಿಮದಲ್ಲಿ ತೊಡೆಮಟ್ಟ ಹೂತು ಬಿದ್ದೇಳುತ್ತ ಬರುವ ಓಡ್ವರನನ್ನು ಕಂಡು ನಕ್ಕರು.

"ಏನಾಯ್ತೇ ಅವನಿಗೆ?" ಚಿಕ್ಕಮ್ಮ ಕೇಳಿದಳು.

"ಅಂಟುಮೇಣ ಹಚ್ಚಿದೀನಿ."

"ಅಯ್ಯೋ, ಮೇಲೆ ಹೊಸ ಹಿಮ ಅನ್ನೋದು ಮರೆತೆಯಾ?"

"ಇಲ್ಲ. ಬೇಕೂಂತಲೇ."

ನಗು ನಿಂತಿತು. ಹಾಲ್ದಿಸ್ ಬೇಕೆಂದೇ ಮೇಣ ಕೆಡಿಸಿದಳೆಂದರೆ ಅವನು ಏನೋ ದೊಡ್ಡ ತಪ್ಪೇ ಮಾಡಿರಬೇಕು! ಒದ್ದೆಯಾಗಿ ನಡುಗುತ್ತ ಬಂದವನಿಗೆ ಚಿಕ್ಕಮ್ಮ ಕಾಫಿ ಕೊಡಲಿಲ್ಲ. "ಏನ್ ಮಾಡಿದ್ಯೋ ಇವಳಿಗೆ?"

ಓಡ್ವರ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರೂ ಅವನಿಂದ ಕಣ್ಣು ಕೀಳಲಿಲ್ಲ.

"ಅಪ್ಪ ಕರೀತಾನೇ ಇದ್ದ. ನಾನು ಇವಳಿಗೆ ಹೇಳಲೇ ಇಲ್ಲ. ಬರಲ್ಲ ಅಂದ್ಳು ಅಂತ ಸುಳ್ಳು ಹೇಳ್ದೆ."

ಹಾಲ್ದಿಸ್ ಹೊಟ್ಟೆ ತಣ್ಣಗಾಯಿತು, ಒಂದೇ ಗಳಿಗೆ. ಚಿಕ್ಕಮ್ಮ ಅವಳ ಭುಜ ಹಿಡಿದಳು. "ಒಪ್ಕೊಂಡ್ನಲ್ಲ, ಇನ್ನು ಬಿಡೇ."

"ನಿಮಗೆ ಹೇಳ್ದ," ಎಂದಳು ಹಾಲ್ದಿಸ್. "ಅಪ್ಪಂಗೆ ಯಾರು ಹೇಳ್ತಾರೆ?"